ಕ್ಯಾನ್ವಾಸ್ ಮೇಲಿನ ಕಾಯಿ ಹಿಡಿದ ತಕ್ಷಣ ಜಿಗಿಯುತ್ತದೆ, ಏನು ಮಾಡಲಿ?

ಪ್ರಶ್ನೆ:
ಅಮ್ಮನಿಗೋಸ್ಕರ ಬ್ರೌಸರ್‌ನಲ್ಲಿ ಆಡುವ ಚೌಕಾಬಾರ ಮಾಡುತ್ತಿದ್ದೇನೆ. 500 ಪಿಕ್ಸೆಲ್ ಕ್ಯಾನ್ವಾಸ್ (ವೆಬ್ ಪುಟದಲ್ಲಿ ಕೋಡ್‌ನಿಂದ ಚಿತ್ರ ಬರೆಯುವ ಜಾಗ), 5×5 ಮನೆ, ಕಾಯಿಗಳೆಲ್ಲ ವೃತ್ತ. ಕಾಯಿಯ ಅಂಚು ಹಿಡಿದು ಎಳೆದರೆ ಟಪ್ಪಂತ ಜಿಗಿದು ಅದರ ನಡುಭಾಗ ಮೌಸ್ ಕೆಳಗೆ ಬರುತ್ತದೆ. ಎಳೆದ ದಾರಿಯುದ್ದಕ್ಕೂ ಬಣ್ಣದ ಬಾಲ ಬೇರೆ. ಅಮ್ಮ "ಇದೇನೋ, ಹಾವಾ?" ಅಂತ ನಗುತ್ತಾರೆ.

ಉತ್ತರ 1:
ಕ್ಯಾನ್ವಾಸ್‌ಗೆ ಕಾಯಿ ಗೀಯಿ ಏನೂ ಗೊತ್ತಿಲ್ಲ, ಅಲ್ಲಿರುವುದು ಬರೀ ಬಣ್ಣದ ಚುಕ್ಕಿ. ಕಾಯಿಗಳ ಲೆಕ್ಕ ನೀವೇ ಒಂದು ಅರೇಯಲ್ಲಿ (ಪಟ್ಟಿಯಲ್ಲಿ) ಇಟ್ಟುಕೊಳ್ಳಬೇಕು. ಮೌಸ್‌ಡೌನ್ ಆದಾಗ, ಅಂದರೆ ಬಟನ್ ಒತ್ತಿದಾಗ, ಮೌಸ್ ಕೆಳಗಿರುವ ಕಾಯಿಯನ್ನು ಆ ಅರೇಯ ಕೊನೆಯಿಂದ ಹುಡುಕಿ. ಮೇಲೆ ಕಾಣುವುದು ಕೊನೆಗೆ ಬರೆದ ಕಾಯಿ ಅಲ್ವಾ? ಸಿಕ್ಕ ಕೂಡಲೇ ಮೌಸ್‌ನ ಎಕ್ಸ್‌ನಿಂದ ಕಾಯಿಯ ಎಕ್ಸ್ ಕಳೆದು ಇಟ್ಟುಕೊಳ್ಳಿ, ವೈ ಕೂಡ ಹಾಗೇ. ಮೌಸ್‌ಮೂವ್‌ನಲ್ಲಿ (ಮೌಸ್ ಸರಿದಾಗ) ಮೌಸ್ ಇರುವ ಜಾಗದಿಂದ ಆ ವ್ಯತ್ಯಾಸ ಕಳೆದು ಕಾಯಿಗೆ ಹೊಸ ಜಾಗ ಕೊಡಿ. ಬಾಲ ಹೋಗಬೇಕಾದರೆ ಪ್ರತಿ ಸಲ ಕ್ಯಾನ್ವಾಸ್ ಅಳಿಸುವ ಕ್ಲಿಯರ್‌ರೆಕ್ಟ್ ಕರೆದು, ಮನೆಗಳಿಂದ ಹಿಡಿದು ಎಲ್ಲವನ್ನೂ ಮತ್ತೆ ಬರೆಯಿರಿ.

ಪ್ರಶ್ನೆ ಕೇಳಿದವರು:
ಜಿಗಿತ ನಿಂತಿತು! ಆದರೆ ಅಮ್ಮನ ಲ್ಯಾಪ್‌ಟಾಪ್‌ನಲ್ಲಿ ಕಾಯಿ ಸಿಗುವುದೇ ಇಲ್ಲ. ಪಕ್ಕದ ಮನೆಯಲ್ಲಿ ಕ್ಲಿಕ್ ಮಾಡಿದರೆ ಸಿಗುತ್ತದೆ.

ಉತ್ತರ 2:
ಸಿಎಸ್ಎಸ್‌ನಲ್ಲಿ (ಪುಟದ ಅಂದ, ಅಳತೆ ಹೇಳುವ ಕೋಡ್‌ನಲ್ಲಿ) ಕ್ಯಾನ್ವಾಸ್‌ನ ಅಗಲ ಹಿಗ್ಗಿಸಿದ್ದೀರಿ ಅನ್ನಿಸುತ್ತೆ. 500ರ ಕ್ಯಾನ್ವಾಸ್ ತೆರೆಯ ಮೇಲೆ 750 ಆಗಿದ್ದರೆ, ಮೌಸ್‌ನ ಎಕ್ಸ್‌ನಿಂದ ಕ್ಯಾನ್ವಾಸ್‌ನ ಎಡ ಅಂಚಿನ ಎಕ್ಸ್ ಕಳೆದು, ಉಳಿದದ್ದನ್ನು 500/750ರಿಂದ ಗುಣಿಸಬೇಕು. ಅಂಚು, ಅಗಲ ಎರಡನ್ನೂ ಗೆಟ್‌ಬೌಂಡಿಂಗ್‌ಕ್ಲೈಂಟ್‌ರೆಕ್ಟ್ ಅನ್ನೋ ಫಂಕ್ಷನ್ ಕೊಡುತ್ತದೆ. ಹಾಗೇ ಮೌಸ್‌ಅಪ್ (ಬಟನ್ ಬಿಟ್ಟಾಗ ಆಗುವ ಕೆಲಸ) ಅನ್ನು ಕ್ಯಾನ್ವಾಸ್‌ಗಲ್ಲ, ಇಡೀ ವಿಂಡೋಗೆ ಕಟ್ಟಿ. ಇಲ್ಲದಿದ್ದರೆ ಕ್ಯಾನ್ವಾಸ್ ಹೊರಗೆ ಬಟನ್ ಬಿಟ್ಟಾಗ ಕಾಯಿ ಮೌಸ್‌ಗೆ ಅಂಟಿಕೊಂಡೇ ಇರುತ್ತದೆ. ನಾನು ಇದರಲ್ಲಿ ಸುಮ್ನೆ ಒಂದು ಭಾನುವಾರ ಕಳೆದಿದ್ದೇನೆ.

ಪ್ರಶ್ನೆ ಕೇಳಿದವರು:
ಸರಿಹೋಯಿತು. ಈಗ ಅಮ್ಮನ ದೂರು ಬೇರೆ: ಕವಡೆ ಸದ್ದೇ ಇಲ್ಲವಂತೆ.