‘ಡ್ರಾಪ್ ಶ್ಯಾಡೋ’ಗೆ ಬರೀ ‘ನೆರಳು’ ಸಾಕೆ?

ಪ್ರಶ್ನೆ: ಆಜ್ಞೆ ಬರೆದು ಚಿತ್ರ ತಿದ್ದುವ ತಂತ್ರಾಂಶ ಇಮೇಜ್‌ಮ್ಯಾಜಿಕ್‌ನ ಸಹಾಯಪಠ್ಯದ ಕನ್ನಡ ಕರಡಿನಲ್ಲಿ ‘ಡ್ರಾಪ್ ಶ್ಯಾಡೋ’ (ಚಿತ್ರದ ಹಿಂದೆ ಬಿದ್ದಂತೆ ಕಾಣುವ ನೆರಳು) ಒಂದು ಕಡೆ ‘ಹನಿ ನೆರಳು’, ಇನ್ನೊಂದು ಕಡೆ ‘ಬೀಳುನೆರಳು’ ಆಗಿದೆ. ಶ್ಯಾಡೋ ಆಯ್ಕೆಗೆ ‘ಚಿತ್ರಕ್ಕೆ ನೆರಳು ಸೇರಿಸುತ್ತದೆ’ ಎಂಬ ವಿವರಣೆ ಇದೆ. ಆ ಆಯ್ಕೆಗೆ ಕೊಡುವ 60×5+10+10 ಎಂಬ ಅಳತೆಯಲ್ಲಿನ 60ಕ್ಕೆ ‘ಪಾರದರ್ಶಕತೆ’ ಎಂದಿದೆ. ಶ್ಯಾಡೋ, ಶೇಡ್ ಎಂಬ ಎರಡು ಆಯ್ಕೆಗಳಿಗೂ ‘ಛಾಯೆ’ ಎಂದರೆ ನಡೆದೀತೆ?

ಉತ್ತರ: ‘ಹನಿ’ ಶುದ್ಧ ತಪ್ಪು, ಇಲ್ಲಿ ‘ಡ್ರಾಪ್’ ಎಂದರೆ ಬೀಳುವುದು. ‘ಬೀಳು’ ತಪ್ಪಲ್ಲ, ಆದರೆ ಬೇಡ. ಕನ್ನಡದಲ್ಲಿ ನೆರಳು ಬೀಳುವಂಥದ್ದೇ. ಹಳಗನ್ನಡದ ‘ನೆೞಲ್’ ಕಾಲದಿಂದ ಬಂದ ಪದ, ಬರೀ ‘ನೆರಳು’ ಸಾಕು.

‘ಸೇರಿಸುತ್ತದೆ’ ಎಂಬುದೇ ನಿಜವಾದ ತೊಡಕು. ಈ ಆಯ್ಕೆ ಚಿತ್ರಕ್ಕೆ ಏನನ್ನೂ ಸೇರಿಸುವುದಿಲ್ಲ. ಚಿತ್ರವನ್ನು ತೆಗೆದು ಅದರ ಜಾಗದಲ್ಲಿ ನೆರಳನ್ನಷ್ಟೇ ಇಡುತ್ತದೆ. ಅದಕ್ಕೇ ಮೊದಲು ಆವರಣದೊಳಗೆ ‘+ಕ್ಲೋನ್’ನಿಂದ ನಕಲು ಮಾಡಿ, ಅದಕ್ಕೆ ‘-ಬ್ಯಾಕ್‌ಗ್ರೌಂಡ್ ಬ್ಲ್ಯಾಕ್ -ಶ್ಯಾಡೋ 60×5+10+10’ ಕೊಡಬೇಕು. ಆವರಣದ ಹೊರಗೆ ‘+ಸ್ವಾಪ್ -ಬ್ಯಾಕ್‌ಗ್ರೌಂಡ್ ನನ್ -ಲೇಯರ್ಸ್ ಮರ್ಜ್ +ರೀಪೇಜ್’ ಬರಬೇಕು: ಸ್ವಾಪ್ ಚಿತ್ರ, ನೆರಳುಗಳ ಕ್ರಮ ಬದಲಿಸುತ್ತದೆ, ‘ನನ್’ ಎಂದರೆ ಹಿನ್ನೆಲೆ ಪಾರದರ್ಶಕ, ಮರ್ಜ್ ಎರಡನ್ನೂ ಒಂದಾಗಿಸುತ್ತದೆ. ಸ್ವಾಪ್‌ಗೆ ‘ಅದಲುಬದಲು’ ಚೆನ್ನಾಗಿ ಹೊಂದುತ್ತದೆ. ಅದನ್ನು ಬಿಟ್ಟರೆ ನೆರಳು ಚಿತ್ರದ ಮೇಲೆಯೇ ಕೂರುತ್ತದೆ. ಹಾಗಾಗಿ ವಿವರಣೆ ‘ಚಿತ್ರದ ನೆರಳನ್ನು ರಚಿಸುತ್ತದೆ’ ಎಂದಿರಲಿ. (ಆಜ್ಞೆಗಳನ್ನು ಬರೆಯುವ ಬ್ಯಾಶ್‌ನಲ್ಲಿ ಆವರಣದ ಎರಡೂ ಚಿಹ್ನೆಗಳ ಮುಂದೆ ಹಿಂಓರೆಗೆರೆ ಬೇಕು. ಸಂಖ್ಯೆಗಳ ನಡುವೆ ಇರುವುದು ಗುಣಾಕಾರದ ಚಿಹ್ನೆಯಲ್ಲ, ಎಕ್ಸ್ ಅಕ್ಷರ.)

60 ಎಂಬುದು ಪಾರದರ್ಶಕತೆಯ ತದ್ವಿರುದ್ಧ. ಕರಡನ್ನು ನಂಬಿ ತೆಳು ನೆರಳಿಗೆಂದು 90 ಕೊಟ್ಟವರಿಗೆ ಕಪ್ಪು ಮಸಿ ಬಳಿದಂತೆ ಕಾಣುತ್ತದೆ. ‘ಅಪಾರದರ್ಶಕತೆ’ ಸರಿಯೇ, ಆದರೆ ಓದುವಾಗ ‘ಅ’ ಜಾರಿಹೋಗುತ್ತದೆ, ‘ದಟ್ಟತೆ’ ಇರಲಿ. 5 ಎಂಬುದು ಸಿಗ್ಮಾ, ಅಂದರೆ ಅಂಚಿನ ಮಸುಕು. ‘ಮಬ್ಬು’ ಬೇಡ, ಅದು ಬೆಳಕು ಕಡಿಮೆ ಎಂಬ ಅರ್ಥಕ್ಕೆ ಎಳೆಯುತ್ತದೆ. ನೆರಳು ಪ್ರತಿ ಬದಿಗೂ ಸಿಗ್ಮಾದ ಎರಡರಷ್ಟು, ಇಲ್ಲಿ 10 ಪಿಕ್ಸೆಲ್, ಹರಡುತ್ತದೆ. ಕೊನೆಯ ಎರಡು 10 ಬಲಕ್ಕೂ ಕೆಳಕ್ಕೂ ‘ಸರಿಸುವ ದೂರ’. ಅದಕ್ಕೊಂದು ಹೊಸ ಪದ ಟಂಕಿಸುವ ಅಗತ್ಯ ಕಾಣೆ.

ಶೇಡ್ ಬೇರೆಯದೇ ಕೆಲಸ: ಹೊಳಪನ್ನು ಎತ್ತರವೆಂದು ಎಣಿಸಿ, ಒಂದು ದಿಕ್ಕಿನಿಂದ ಬೆಳಕು ಬಿದ್ದಂತೆ ಉಬ್ಬುತಗ್ಗು ತೋರಿಸುತ್ತದೆ. ‘ಛಾಯೆ’ಯನ್ನು ಅದಕ್ಕೆ ಮಾತ್ರ ಮೀಸಲಿಡಿ.

ಪಠ್ಯಕ್ಕೆ ಇನ್ನೊಂದು ಸಾಲು ಸೇರಿಸಿ: ಫಲಿತಾಂಶವನ್ನು ಪಿಎನ್‌ಜಿಯಲ್ಲಿ ಉಳಿಸಬೇಕು. ಜೆಪೆಗ್‌ನಲ್ಲಿ ಪಾರದರ್ಶಕ ಪದರಕ್ಕೆ ಜಾಗವಿಲ್ಲ; ಜೆಪೆಗ್ಗೇ ಬೇಕಿದ್ದರೆ ಮರ್ಜ್‌ಗೆ ಮೊದಲು ‘ನನ್’ ಬದಲು ‘ವೈಟ್’ ಕೊಡಿ.