ಪುಟ್ಟಿಯ ಓದಿನ ಬಗ್ಗೆ ಚಿಕ್ಕಪ್ಪನಿಗೆ

ಚಿಕ್ಕಪ್ಪ, ನಿಮ್ಮ ಮೆಸೇಜ್ ಬೆಳಗ್ಗೆನೇ ನೋಡಿದೆ. "ಪುಟ್ಟಿ ಅಷ್ಟು ಚೆನ್ನಾಗಿ ಓದೋ ಹುಡುಗಿ, ಸೀಟ್ ಸಿಗಲಿಲ್ವಾ? ಕಮ್ಯುನಿಟಿ ಕಾಲೇಜಿಗೆ ಹಾಕಿದ್ದೀರಿ, ಅದೂ ಪೊಲೀಸ್ ಓದಂತೆ" ಅಂತ ಕೇಳಿದ್ರಲ್ಲ. ಗ್ರೂಪಲ್ಲಿ ಕೇಳಿದ್ರಿ, ಗ್ರೂಪಲ್ಲೇ ಹೇಳ್ತೀನಿ. ಇದೇ ಪ್ರಶ್ನೆ ಮನಸ್ಸಲ್ಲಿ ಇಟ್ಕೊಂಡಿರೋರು ಇನ್ನೂ ನಾಲ್ಕು ಜನ ಇರ್ತಾರೆ.

ಸೀಟ್ ಸಿಗದೆ ಹೋಗಿದ್ದಲ್ಲ, ಬೇಕು ಅಂತ್ಲೇ ಸೇರಿದ್ದು. ಕಮ್ಯುನಿಟಿ ಕಾಲೇಜು ಅಂದ್ರೆ ಎರಡು ವರ್ಷದ ಡಿಗ್ರಿ ಕೊಡೋ ಸರ್ಕಾರಿ ಕಾಲೇಜು, ಇವಳದು ಇಲ್ಲೇ ಕ್ಯೂಪರ್ಟಿನೋದ ಡಿ ಆಂಜಾ ಕಾಲೇಜು. ಕ್ಯಾಲಿಫೋರ್ನಿಯಾದಲ್ಲೇ ಇರೋರಿಗೆ ಒಂದು ಯೂನಿಟ್ಟಿಗೆ (ಪಾಠಗಳನ್ನ ಅಳೆಯೋ ಲೆಕ್ಕ ಅದು) 31 ಡಾಲರ್, ಎರಡು ವರ್ಷದ ಡಿಗ್ರಿಗೆ 90 ಯೂನಿಟ್. ಪುಸ್ತಕ, ಚಿಲ್ಲರೆ ಫೀಸು ಬಿಟ್ರೆ 2,790 ಡಾಲರ್, ಅಷ್ಟೇ. ಟ್ರಾನ್ಸ್‌ಫರ್ ಡಿಗ್ರಿ ಅಂತಾರೆ, ಅದನ್ನ ಮುಗಿಸಿದ್ರೆ ಕ್ಯಾಲ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ನೇರ ಮೂರನೇ ವರ್ಷಕ್ಕೆ ಹೋಗಬಹುದು. ಯಾವ ಊರಿನ ಕ್ಯಾಂಪಸ್ ಅನ್ನೋದಕ್ಕೆ ಮಾತ್ರ ಗ್ಯಾರಂಟಿ ಇಲ್ಲ. ಸ್ಯಾನ್ ಹೋಸೆ ಸಿಗಲಿ ಅಂತ ನನ್ನಾಸೆ, ಮನೆಗೆ ಹತ್ರ.

ಇನ್ನು ಪೊಲೀಸ್ ಓದು ಅಂದ್ರಲ್ಲ. ಪೊಲೀಸ್ ಆದ್ರೂ ನನಗೆ ಹೆಮ್ಮೆನೇ ಚಿಕ್ಕಪ್ಪ, ಆದ್ರೆ ಇಲ್ಲಿ 21 ತುಂಬದೆ ಪೊಲೀಸ್ ಆಗೋ ಹಾಗಿಲ್ಲ, ಇವಳಿಗಿನ್ನೂ 18. ಓದೋದು ಪೊಲೀಸ್, ಕೋರ್ಟು, ಜೈಲು ಮೂರನ್ನೂ. ಮುಂದೆ ಪ್ರೊಬೇಷನ್ ಆಫೀಸರ್ ಆಗಬಹುದು (ಜೈಲಿಗೆ ಹಾಕದೆ ಕೋರ್ಟು ಹೊರಗೆ ಬಿಟ್ಟೋರ ಮೇಲೆ ನಿಗಾ ಇಡೋರು), ಲಾ ಸ್ಕೂಲಿಗೂ ಹೋಗಬಹುದು.

ಒಂದು ರಾತ್ರಿದು ಹೇಳ್ತೀನಿ. ನಾನು ಬೀನ್ಸ್ ಸೋಸ್ತಾ ಕೂತಿದ್ದೆ, ಎದುರಿಗೆ ಅವಳು ಹೋಮ್‌ವರ್ಕ್ ಮಾಡ್ತಿದ್ಲು. "ಅಮ್ಮಾ, ಇದನ್ನ ಕೇಳು" ಅಂದ್ಲು. ಗಿಡಿಯನ್ ಅಂತ ಫ್ಲೋರಿಡಾದ ಬಡವ. ಪೂಲ್ ಅಂತ ಬಿಲಿಯರ್ಡ್ಸ್ ಥರದ ಆಟ ಆಡೋ ಅಂಗಡಿಗೆ ನುಗ್ಗಿ ಕದ್ದ ಅಂತ ಕೇಸು. ವಕೀಲನ್ನ ಇಡೋಕೆ ದುಡ್ಡಿಲ್ಲ, ಒಬ್ಬರನ್ನ ಕೊಡಿ ಅಂದ್ರೆ ಕೋರ್ಟು ಆಗಲ್ಲ ಅಂತು. ತಾನೇ ವಾದ ಮಾಡಿದ, ಐದು ವರ್ಷ ಶಿಕ್ಷೆ ಆಯ್ತು. ಜೈಲಲ್ಲಿ ಕೂತು ಪೆನ್ಸಿಲ್ಲಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಬರೆದ. 1963ರಲ್ಲಿ ಕೋರ್ಟು ಅವನ ಪರ ನಿಂತು, ಇಂಥ ಕೇಸುಗಳಲ್ಲಿ ಬಡವರಿಗೆ ಸರ್ಕಾರವೇ ವಕೀಲರನ್ನ ಕೊಡಬೇಕು ಅಂತು. ಮತ್ತೆ ವಿಚಾರಣೆ ಆದಾಗ ಪಕ್ಕದಲ್ಲಿ ವಕೀಲ ಇದ್ದ, ಗಿಡಿಯನ್ ಬಿಡುಗಡೆ ಆದ.

ನನಗೆ ತಕ್ಷಣ ನೆನಪಾಗಿದ್ದು ನಮ್ಮ ಅಪ್ಪ. ತೀರ್ಥಹಳ್ಳಿ ಕೋರ್ಟಲ್ಲಿ ಬೆಂಚ್ ಕ್ಲರ್ಕಾಗಿದ್ದಾಗ ಬೆರಳಿಗೆ ಶಾಯಿ ಮೆತ್ಕೊಂಡೇ ಮನೆಗೆ ಬರ್ತಿದ್ರಲ್ಲ. ಊಟಕ್ಕೆ ಕೂತಾಗ ಹೇಳೋರು, "ಕಟಕಟೇಲಿ ನಿಂತೋನಿಗೆ ಏನು ಕೇಸು ಅಂತ್ಲೂ ಗೊತ್ತಿರಲ್ಲ ಕಣೇ, ತಪ್ಪು ಒಪ್ಕೋತೀಯಾ ಅಂದ್ರೆ ಹೂಂ ಸ್ವಾಮಿ ಅಂದ್ಬಿಡ್ತಾನೆ" ಅಂತ. ಪುಟ್ಟಿಗೆ ಅದನ್ನ ಹೇಳಿದೆ. ಪೆನ್ ಕೆಳಗಿಟ್ಟು ಸುಮ್ನೆ ಕೂತ್ಲು. ಆಮೇಲೆ "ಇಂಡಿಯಾದಲ್ಲಿ ವಕೀಲರನ್ನ ಕೊಡ್ತಾರಾ?" ಅಂತ ಕೇಳಿ ತಾನೇ ಹುಡುಕಿದ್ಲು. 1979ರ ಹುಸೈನಾರಾ ಖಾತೂನ್ ಕೇಸು ಸಿಕ್ತು. ಬಿಹಾರದ ಜೈಲುಗಳಲ್ಲಿ ವಿಚಾರಣೆನೇ ಆಗದೆ ವರ್ಷಗಟ್ಟಲೆ ಕೊಳೀತಿದ್ದೋರ ಕೇಸದು, ಬಡವರಿಗೆ ಸರ್ಕಾರವೇ ವಕೀಲರನ್ನ ಕೊಡಬೇಕು ಅಂತ ನಮ್ಮ ಸುಪ್ರೀಂ ಕೋರ್ಟೂ ಅದರಲ್ಲಿ ಹೇಳಿತ್ತು. ಹನ್ನೊಂದೂವರೆ ತನಕ ಓದಿದ್ಲು. ನಾನು ಎರಡು ಸಲ ಮಲಕ್ಕೋ ಅಂದೆ, ಕೇಳಲಿಲ್ಲ.

ಮಕ್ಕಳಿಗೆ ಓದಿನ ಮೇಲೆ ಇಂಥ ಮನಸ್ಸು ಬರೋದು ಸುಲಭ ಅಲ್ಲ. ನಿಮ್ಮ ಮೆಸೇಜ್ ಅವಳೂ ಓದಿದ್ಲು, ಮುಖ ಸಣ್ಣ ಆಯ್ತು. ಅದಕ್ಕೇ ಇಷ್ಟುದ್ದ ಹೇಳ್ತಿರೋದು, ತಪ್ಪು ತಿಳ್ಕೋಬೇಡಿ.

ಅಪ್ಪನ ಕೋರ್ಟಿನ ಕಥೆಗಳು ನನಗಿಂತ ನಿಮಗೇ ಹೆಚ್ಚು ಗೊತ್ತು, ಅವರ ಜೊತೆ ಸೈಕಲ್ ಮೇಲೆ ಹೋಗ್ತಿದ್ದೋರು ನೀವು. ಭಾನುವಾರ ನಿಮ್ಮ ಬೆಳಗ್ಗೆ ಹೊತ್ತಿಗೆ ಪುಟ್ಟಿ ಕೈಲೇ ಫೋನ್ ಮಾಡಿಸ್ತೀನಿ. ಅವನ್ನ ಹೇಳಿ ಅವಳಿಗೆ. ಸೀಟಿನ ಮಾತು ಮಾತ್ರ ಎತ್ತಬೇಡಿ.