ಡಿಕ್ಷನರಿಯಲ್ಲಿ ಕೀ ಕಣ್ಣೆದುರೇ ಇದೆ, ಆದರೂ ಕೀಎರರ್ ಬರ್ತಿದೆ

ಪ್ರಶ್ನೆ:
ಪೈಥಾನ್‌ನಲ್ಲಿ ನನ್ನ ಪುಸ್ತಕಗಳ ಪಟ್ಟಿಯನ್ನು ಡಿಕ್ಷನರಿಯಾಗಿ (ಒಂದೊಂದು ಕೀಗೂ ಒಂದು ವ್ಯಾಲ್ಯೂ ಜೋಡಿಸಿಡುವ ಪಟ್ಟಿ) ಮಾಡಿದ್ದೇನೆ. ಪುಸ್ತಕದ ನಂಬರ್ ಕೀ, ಹೆಸರು ವ್ಯಾಲ್ಯೂ. ಡಿಕ್ಷನರಿಯನ್ನು ಜೇಸನ್ (JSON, ಡೇಟಾವನ್ನು ಪಠ್ಯವಾಗಿ ಬರೆದಿಡುವ ಮಾದರಿ) ಫೈಲಿಗೆ ಸೇವ್ ಮಾಡುವ ತನಕ ಎಲ್ಲ ಸರಿ. ಅದೇ ಫೈಲನ್ನು ಮತ್ತೆ ಲೋಡ್ ಮಾಡಿ 101 ಹುಡುಕಿದರೆ ಕೀಎರರ್, ಅಂದರೆ ಆ ಕೀ ಇಲ್ಲ ಅನ್ನುವ ಎರರ್. ಪ್ರಿಂಟ್ ಮಾಡಿದರೆ 101 ಅಲ್ಲೇ ಕಾಣುತ್ತೆ! ಕೀ ಸಿಗದಿದ್ದರೂ ಎರರ್ ಕೊಡದ ಗೆಟ್ (get) ಹಾಕಿದ ಮೇಲೆ ಎರರ್ ಹೋಯ್ತು, ಆದರೆ ಯಾವ ನಂಬರ್ ಕೊಟ್ಟರೂ ನನ್ (None, ಅಂದರೆ ಏನೂ ಇಲ್ಲ) ಅಂತಲೇ ಬರ್ತಿದೆ. ಏನು ಮಾಡಲಿ?

ಉತ್ತರ:
ಪ್ರಿಂಟ್ ಆಗಿದ್ದನ್ನು ಇನ್ನೊಮ್ಮೆ ಸರಿಯಾಗಿ ನೋಡಿ. ಕೀ '101' ಅಂತ ಕೋಟ್ಸ್ ಒಳಗಿದೆ, ಅಲ್ವಾ? ಎರರ್ ಮೆಸೇಜಿನಲ್ಲಿರುವ 101ಕ್ಕೆ ಕೋಟ್ಸ್ ಇರುವುದಿಲ್ಲ. ಮೊದಲನೆಯದು ಸ್ಟ್ರಿಂಗ್ (ಬರಹ), ಎರಡನೆಯದು ಇಂಟಿಜರ್ (ಪೂರ್ಣಾಂಕ). ಪೈಥಾನ್‌ಗೆ ಇವೆರಡೂ ಬೇರೆ ಬೇರೆ ಕೀಗಳು.

ಜೇಸನ್‌ನಲ್ಲಿ ಕೀ ಅಂದರೆ ಸ್ಟ್ರಿಂಗ್ ಮಾತ್ರ. ಹಾಗಾಗಿ ಸೇವ್ ಮಾಡುವಾಗ ಪೈಥಾನ್ ಸದ್ದಿಲ್ಲದೆ ಇಂಟಿಜರ್ ಕೀಯನ್ನು ಸ್ಟ್ರಿಂಗ್ ಮಾಡಿಬಿಡುತ್ತದೆ. ಲೋಡ್ ಮಾಡುವಾಗ ಅದನ್ನು ಮತ್ತೆ ಇಂಟಿಜರ್ ಮಾಡುವುದಿಲ್ಲ. ವ್ಯಾಲ್ಯೂ ಜಾಗದಲ್ಲಿರುವ ನಂಬರ್ ಮಾತ್ರ ನಂಬರ್ ಆಗಿಯೇ ವಾಪಸ್ ಬರುತ್ತದೆ. ತುಂಬಾ ಜನ ಗೊಂದಲಕ್ಕೆ ಬೀಳುವುದೇ ಇಲ್ಲಿ.

ಲೋಡ್ ಆದ ಕೂಡಲೇ ಐಟಮ್ಸ್ (ಕೀ-ವ್ಯಾಲ್ಯೂ ಜೋಡಿಗಳು) ಮೇಲೆ ಲೂಪ್ ಹಾಕಿ, ಪ್ರತಿ ಕೀಯನ್ನೂ ಇಂಟ್‌ಗೆ ಬದಲಾಯಿಸಿ, ಹೊಸ ಡಿಕ್ಷನರಿಗೆ ಹಾಕಿ. ಡಿಕ್ಷನರಿ ಕಾಂಪ್ರಿಹೆನ್ಷನ್‌ನಲ್ಲಾದರೆ (ಲೂಪನ್ನೇ ಡಿಕ್ಷನರಿಯೊಳಗೆ ಬರೆಯುವ ಚಿಕ್ಕ ರೂಪ) ಒಂದೇ ಸಾಲು. ಇದಾಗುವ ತನಕ ಹೊಸ ಪುಸ್ತಕ ಸೇರಿಸಬೇಡಿ. ಇದ್ದ ನಂಬರಿಗೇ, ಉದಾಹರಣೆಗೆ 101ಕ್ಕೇ, ಸೇರಿಸಿದರೆ ಸ್ಟ್ರಿಂಗ್ 101, ಇಂಟಿಜರ್ 101 ಎರಡೂ ಕೂತಿರುತ್ತವೆ, ಬದಲಾಯಿಸುವಾಗ ಒಂದು ಹೆಸರು ಅಳಿಸಿಹೋಗುತ್ತದೆ. ಎರರ್ ಕೂಡ ಬರಲ್ಲ.

ಗೆಟ್ ಅನ್ನು ದಯವಿಟ್ಟು ತೆಗೆಯಿರಿ. ಕೀ ಇಲ್ಲದಿರುವುದು ಸಹಜ ಅನ್ನುವ ಕಡೆ ಅದು ಬಹಳ ಒಳ್ಳೆಯದು. ಇಲ್ಲಿ ಇದ್ದ ತೊಂದರೆಯನ್ನೇ ಮುಚ್ಚಿಡುತ್ತಿದೆ.

ಪ್ರಶ್ನೆ ಕೇಳಿದವರು:
ಕೋಟ್ಸ್ ಇತ್ತು, ಈಗ ಗೊತ್ತಾಯ್ತು! ಹೊಸ ಡಿಕ್ಷನರಿ ಯಾಕೆ, ಇದ್ದದ್ದನ್ನೇ ಸರಿಮಾಡೋಣ ಅಂತ ಕೀಸ್ ಮೇಲೆ ಲೂಪ್ ಹಾಕಿ, ಹಳೇ ಕೀ ಡಿಲೀಟ್ ಮಾಡುತ್ತಾ ಹೋದೆ. ಲೂಪ್ ನಡುವೆಯೇ ರನ್‌ಟೈಮ್ ಎರರ್ ಬಂತು.

ಇನ್ನೊಬ್ಬರ ಉತ್ತರ:
ಪೈಥಾನ್ 3ರಲ್ಲಿ ಕೀಸ್ ಕೊಡುವುದು ಲಿಸ್ಟ್ ಅಲ್ಲ, ವ್ಯೂ, ಅಂದರೆ ಡಿಕ್ಷನರಿಯ ಕೀಗಳನ್ನು ನೇರವಾಗಿ ತೋರಿಸುವ ಕಿಟಕಿಯಂಥದ್ದು. ಡಿಕ್ಷನರಿ ಬದಲಾದರೆ ಅದೂ ಜೊತೆಗೇ ಬದಲಾಗುತ್ತದೆ. ಲೂಪ್ ಓಡುವಾಗ ಸೈಜ್ ಬದಲಾದರೆ ಪೈಥಾನ್ ಅಲ್ಲಿಗೇ ನಿಲ್ಲಿಸುತ್ತದೆ. ಕೀಸ್ ಅನ್ನು ಮೊದಲು ಲಿಸ್ಟ್ ಮಾಡಿಕೊಂಡು ಅದರ ಮೇಲೆ ಲೂಪ್ ಹಾಕಿದರೆ ಈ ಎರರ್ ಬರಲ್ಲ. ಆದರೂ ನಿಮ್ಮ ಕೆಲಸಕ್ಕೆ ಹೊಸ ಡಿಕ್ಷನರಿಯೇ ಸರಿ. ಮಧ್ಯದಲ್ಲಿ ಏನಾದರೂ ಕೈಕೊಟ್ಟರೆ ಹಳೆಯದು ಹಾಗೇ ಉಳಿದಿರುತ್ತದೆ.